ನೆಟಿ ಹೋಗ್ಯಾದ: ಕಲಬುರಗಿಯ ಒಂದು ಸ್ಟ್ಯಾಂಡ್‌ಅಪ್ ಸಂಜೆಯ ಪ್ರಕರಣ ಅಧ್ಯಯನ

ಕಲಬುರಗಿಯ ಸ್ಟೇಷನ್ ರಸ್ತೆಗೆ ಹತ್ತಿಕೊಂಡ ಒಂದು ಓಣಿಯಲ್ಲಿ, ಮೊದಲ ಮಹಡಿಯ ಸಣ್ಣ ಸಭಾಂಗಣದಲ್ಲಿ, ತಿಂಗಳಿಗೊಂದು ಸ್ಟ್ಯಾಂಡ್‌ಅಪ್ ಸಂಜೆ, ಅಂದರೆ ಒಬ್ಬರೇ ಮೈಕು ಹಿಡಿದು ನಿಂತು ನಗಿಸುವ ಕಾರ್ಯಕ್ರಮ, ನಡೆಸುವವರಲ್ಲಿ ನಾನೂ ಒಬ್ಬ. 80 ಕುರ್ಚಿ, ಒಂದು ಮೈಕು, ಎರಡು ಸ್ಪೀಕರು. ಹುಡುಗರು ಬರೆದುಕೊಂಡು ಬಂದದ್ದನ್ನು ಮೊದಲು ನನ್ನೆದುರು ಆಡಿ ತೋರಿಸುತ್ತಾರೆ. ಕಾರ್ಯಕ್ರಮದ ಧ್ವನಿಯನ್ನು ನಾನು ಮುದ್ರಿಸಿಡುತ್ತೇನೆ. ಮರುದಿನ ಕೂತು ಇಬ್ಬರೂ ಕೇಳುತ್ತೇವೆ: ಎಲ್ಲಿ ನಗು ಬಂತು, ಎಲ್ಲಿ ಬರಲಿಲ್ಲ, ಬಂದದ್ದು ಎಷ್ಟು ಹೊತ್ತು ನಿಂತಿತು. ಅದೆಲ್ಲ ಒಂದು ವಹಿಯಲ್ಲಿ ಸೇರುತ್ತದೆ. ಇಲ್ಲಿ ಬರೆಯುತ್ತಿರುವುದು ಆ ವಹಿಯ ಒಂದೇ ಸಂಜೆಯ ಬಗ್ಗೆ, ಅದರಲ್ಲೂ ಒಂದೂವರೆ ನಿಮಿಷದ ಬಗ್ಗೆ. ಆಡಿದ ಹುಡುಗನೂ ಆಡಿಸಿಕೊಂಡ ಹಿರಿಯರೂ ಬರೆಯಲು ಒಪ್ಪಿದ್ದಾರೆ. ಹೆಸರು ಮಾತ್ರ ಯಾರದ್ದೂ ಬೇಡ ಎಂದಿದ್ದಾರೆ.

ಅದು 2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿಗೆ ನೆಟೆ ರೋಗ ಬಿದ್ದ ವರ್ಷ. ಈ ಜಿಲ್ಲೆಯಲ್ಲಿ ಮಗಳ ಮದುವೆ, ಮಗನ ಕಾಲೇಜು ಫೀಸು, ಸೊಸೈಟಿ ಸಾಲ ಮೂರೂ ತೊಗರಿ ರಾಶಿಯ ಮೇಲೆಯೇ ನಿಂತಿರುತ್ತವೆ. ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕು ಆಗ ಮೂರು ವರ್ಷವಾಗಿತ್ತಷ್ಟೆ. ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ನಿಂತಲ್ಲಿ ಒಣಗಿತು. ರಾಶಿಯ ದಿನಗಳು ಮುಗಿಯುತ್ತ ಬಂದಿದ್ದ ಒಂದು ಶನಿವಾರ ಈ ಪ್ರಕರಣ ನಡೆಯಿತು.

ಆ ಸಂಜೆ

ಹುಡುಗನಿಗೆ 24 ವರ್ಷ. ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನ ಸೇಡಂ ರಸ್ತೆ ಕಡೆ. ತಂದೆ ನೌಕರಿದಾರರು, ಇವನು ಇಂಜಿನಿಯರಿಂಗ್ ಮುಗಿಸಿದವನು. ಬೆಂಗಳೂರಿಗೆ ಹೋದಾಗಲೆಲ್ಲ ಅಲ್ಲಿನ ಓಪನ್ ಮೈಕುಗಳಲ್ಲಿ (ಹೊಸಬರಿಗೂ ವೇದಿಕೆ ಸಿಗುವ ಕಾರ್ಯಕ್ರಮಗಳಲ್ಲಿ) ಐದೈದು ನಿಮಿಷ ಆಡಿ ಬಂದಿದ್ದ. ಒಳ್ಳೆಯ ಧ್ವನಿ, ಒಳ್ಳೆಯ ನಿಲುವು, ಮಾತಿನ ನಡುವೆ ತಡೆಯುವುದು ಗೊತ್ತಿತ್ತು. ನಾನು ಅವನಿಗೆ 25 ನಿಮಿಷ ಕೊಟ್ಟೆ. ಅವನ ಬಳಿ ಗಟ್ಟಿಯಾಗಿ ಬರೆದದ್ದು 18 ನಿಮಿಷದ್ದು ಮಾತ್ರ ಎಂದು ನನಗೆ ಗೊತ್ತಿತ್ತು. ಉಳಿದ ಏಳು ನಿಮಿಷ ಕ್ರೌಡ್ ವರ್ಕ್ ಮಾಡುತ್ತೇನೆ ಎಂದ, ನಾನು ಹೂಂ ಎಂದೆ. ಪ್ರಕರಣದ ಮೊದಲ ಕಾರಣ ಅಲ್ಲಿದೆ, ಅದರಲ್ಲಿ ನನ್ನ ಪಾಲು ದೊಡ್ಡದು.

ಕ್ರೌಡ್ ವರ್ಕ್ ಎಂದರೆ ಎದುರು ಕೂತವರನ್ನು ಮಾತಾಡಿಸಿ, ಅವರ ಉತ್ತರದಿಂದಲೇ ನಗು ಹುಟ್ಟಿಸುವುದು. ಈಗಿನ ಹುಡುಗರು ಇದನ್ನು ಕಲಿಯುವುದು ಫೋನಿನಲ್ಲಿ ಬರುವ ತುಣುಕುಗಳಿಂದ. ಕಲಾವಿದರಿಗೆ ಆ ತುಣುಕು ಹಾಕಲು ಒಂದು ಲೆಕ್ಕಾಚಾರವಿದೆ: ಬರೆದು ತಿಂಗಳುಗಟ್ಟಲೆ ತಿದ್ದಿದ ಬಿಟ್ (ಒಂದು ವಿಷಯದ ಸುತ್ತಲಿನ ಜೋಕುಗಳ ತುಂಡು) ಒಮ್ಮೆ ಹೊರಗೆ ಬಿದ್ದರೆ ಟಿಕೆಟ್ ಕೊಂಡು ಬಂದವರಿಗೆ ಅದು ಹಳೆಯದಾಗಿರುತ್ತದೆ, ಸಭಿಕರ ಜೊತೆಗಿನ ಮಾತು ಮಾತ್ರ ಎಷ್ಟು ಹಾಕಿದರೂ ಗಂಟು ಕರಗುವುದಿಲ್ಲ. ಹಾಗಾಗಿ ನೋಡುವವರಿಗೆ ಸಿಗುವುದು ಗೆದ್ದ ನಲವತ್ತು ಸೆಕೆಂಡು. ಅದರ ಹಿಂದೆ ಸೋತ ಹತ್ತು ಪ್ರಶ್ನೆಗಳನ್ನು ಯಾರೂ ತೋರಿಸುವುದಿಲ್ಲ. ಆ ತುಣುಕುಗಳಲ್ಲಿ "ಏನು ಕೆಲಸ?" ಎಂದು ಕೇಳಿದರೆ "ಸಾಫ್ಟ್‌ವೇರ್" ಎಂಬ ಉತ್ತರ ಬರುತ್ತದೆ, ಅದಕ್ಕೆ ನಾಲ್ಕು ಸಾಲು ಮೊದಲೇ ಸಿದ್ಧ ಇರುತ್ತವೆ.

ಮುಂದಿನ ಸಾಲಿನಲ್ಲಿ ಅಂದು ಒಬ್ಬ ಹಿರಿಯರು ಕೂತಿದ್ದರು. ಬಿಳಿ ಅಂಗಿ, ಧೋತರ, ಹೆಗಲ ಮೇಲೆ ಟವೆಲ್ಲು. ಕಾಳಿನ ಪೇಟೆ ಗಂಜ್‌ನ ಅಡತಿ ಅಂಗಡಿಯಲ್ಲಿ ಲೆಕ್ಕ ಮುಗಿಸಿ ಬಂದವರನ್ನು, ಇಲ್ಲೇ ಕಾಲೇಜು ಓದುವ ಅಣ್ಣನ ಮಗ "ಬರ್ರಿ ಕಾಕಾ, ಜರಾ ನಕ್ಕೊಂಡ ಹೋಗೂಣು" ಎಂದು ಕರೆತಂದಿದ್ದ. ಹಿರಿಯರು ಎಂದು ನಾನೇ ಮುಂದೆ ಕೂಡಿಸಿದ್ದೆ.

ಧ್ವನಿಮುದ್ರಣದಲ್ಲಿ ಇರುವುದು ಇಷ್ಟು:

"ಕಾಕಾ, ನೀವ್ ಏನ್ ಮಾಡ್ತೀರಿ?"

"ಹೊಲಾ ಅದಪಾ."

"ಏನ್ ಬೆಳೀತೀರಿ?"

"ತೊಗರಿ ಹಾಕಿದ್ದೆ. ಈ ವರ್ಷ ಎಲ್ಲ ನೆಟಿ ಹೋಗ್ಯಾದ."

"ನೆಟ್ ಹೋಗ್ಯಾದ? ಹೊಲಕ್ಕ ಯಾವ ಸಿಮ್ ಹಾಕೀರಿ ಕಾಕಾ?"

ನಗು. ಹಿಂದಿನ ಸಾಲುಗಳ ಕಾಲೇಜು ಹುಡುಗರದ್ದು ಜೋರು.

"ಬದುವಿನ ಮ್ಯಾಲ ಒಂದು ಟವರ್ ನಿಂದರಸ್ರಿ!"

ಇನ್ನೂ ಜೋರು. ಅದರ ಅಡಿಯಲ್ಲಿ, ಕಿವಿಗೊಟ್ಟು ಕೇಳಿದರೆ ಮಾತ್ರ ಸಿಗುವಂತೆ, ಹಿರಿಯರ ಧ್ವನಿ: "ಅಲ್ಲೊ ತಮ್ಮಾ, ರೋಗ ಅದ ಅದು."

"ಹಂಗಾರ ರೀಚಾರ್ಜ್ ಮಾಡಸ್ರಿ, 28 ದಿನದಾಗ ಆರಾಮಾಗ್ತದ!"

ಇಲ್ಲಿ ಹಿಂದಿನವರು ನಗುತ್ತಾರೆ, ಮುಂದಿನ ಮೂರು ಸಾಲುಗಳು ಇಲ್ಲ. ಹುಡುಗ ತನ್ನ ಬರೆದ ಭಾಗಕ್ಕೆ ಮರಳಿದ. ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಕೊನೆಗೆ, ಒಳ್ಳೆಯ ಸ್ಟ್ಯಾಂಡ್‌ಅಪ್ ನೋಡಿದವರೆಲ್ಲ ಮಾಡಲು ಬಯಸುವಂತೆ, ಕಾಲ್‌ಬ್ಯಾಕ್ ಮಾಡಿದ, ಹಿಂದಿನ ಜೋಕನ್ನೇ ಮತ್ತೆ ಎತ್ತಿದ: "ನನ್ನ ಟೈಮ್ ಮುಗೀತು. ಕಾಕಾನ ಹೊಲದಂಗ ನಂದೂ ನೆಟ್ ಹೋತು. ನಮಸ್ಕಾರ್ರಿ!"

ಒಂದು ಸೆಕೆಂಡಿನ ನಗು. ಆಮೇಲೆ ಮರ್ಯಾದೆಯ ಚಪ್ಪಾಳೆ. ಹಿರಿಯರೂ ಚಪ್ಪಾಳೆ ತಟ್ಟಿದರು.

ಮರುದಿನ ಕೇಳಿದಾಗ

ಯಾರೂ ಎದ್ದು ಹೋಗಲಿಲ್ಲ, ಯಾರೂ ಕೂಗಲಿಲ್ಲ, ದೂರು ಬರಲಿಲ್ಲ. ಹೊರಗಿನವರು ನೋಡಿದರೆ ಇದು ಪ್ರಕರಣವೇ ಅಲ್ಲ ಎನ್ನಬಹುದು. ನಾನು ಇದನ್ನೇ ಆರಿಸಿಕೊಂಡದ್ದು ಆ ಕಾರಣಕ್ಕೇ. ಹಾಸ್ಯದ ಮಿತಿ ಎಂದ ಕೂಡಲೇ ನಮ್ಮ ಮಾತು ಪೊಲೀಸು ಮತ್ತು ಕೋರ್ಟಿನ ಕಡೆ ಹೊರಳುತ್ತದೆ. 2021ರ ಜನವರಿ 1ರಂದು ಇಂದೋರಿನಲ್ಲಿ ಸ್ಟ್ಯಾಂಡ್‌ಅಪ್ ಕಲಾವಿದ ಮುನಾವರ್ ಫಾರೂಕಿ ಬಂಧನವಾದದ್ದು, ತಿಂಗಳ ಮೇಲೆ ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಕ್ಕದ್ದು, ಅದೇ ನವೆಂಬರಿನಲ್ಲಿ ಬೆಂಗಳೂರಿನ ಅವರ ಕಾರ್ಯಕ್ರಮಕ್ಕೆ ಪೊಲೀಸರು ಅನುಮತಿ ಕೊಡದೆ ಅದು ನಿಂತದ್ದು. 2025ರ ಮಾರ್ಚಿನಲ್ಲಿ ಇನ್ನೊಬ್ಬ ಕಲಾವಿದ ಕುನಾಲ್ ಕಾಮ್ರಾ ಪ್ರದರ್ಶನದ ಸಿಟ್ಟಿಗೆ ಮುಂಬೈನಲ್ಲಿ ಆ ಸಭಾಂಗಣವನ್ನೇ ಒಡೆದದ್ದು. ಇವು ನಡೆದ ಸಂಗತಿಗಳು, ಹುಡುಗರು ಭಯಪಡುವುದೂ ಸಹಜ. ಆದರೆ ಭಯ ಎಂಬುದು ಯಾವ ವಿಷಯ ಮುಟ್ಟಬಾರದು ಎನ್ನುವುದನ್ನಷ್ಟೇ ಹೇಳಿಕೊಡುತ್ತದೆ. ಧರ್ಮ, ಪಕ್ಷ, ಮುಖಂಡರ ಹೆಸರು ಬಿಟ್ಟರೆ ಮುಗಿಯಿತು ಎಂದು ಅವರು ತಿಳಿದುಕೊಳ್ಳುತ್ತಾರೆ. ನಮ್ಮ ಸಂಜೆಯಲ್ಲಿ ಆ ಮೂರೂ ಇರಲಿಲ್ಲ. ಇದ್ದದ್ದು ಒಂದು ಶ್ಲೇಷೆ, ಮೂರು ಸಾಲು.

ಮೊದಲ ಸಾಲನ್ನು ನಾನು ತಪ್ಪು ಎನ್ನುವುದಿಲ್ಲ. "ನೆಟಿ ಹೋಗ್ಯಾದ" ಎಂಬುದು ಹುಡುಗನ ಕಿವಿಗೆ "ನೆಟ್ ಹೋಗ್ಯಾದ" ಎಂದೇ ಬಿತ್ತು. ನಮ್ಮ ಕಡೆ ಮಾತಿನಲ್ಲಿ ನೆಟೆ ನೆಟಿಯಾಗುತ್ತದೆ, ಇಂಟರ್ನೆಟ್ಟು ನೆಟ್ಟಾಗುತ್ತದೆ, ಎರಡರ ನಡುವೆ ಕೂದಲೆಳೆ ಅಂತರ. ಹೊಲಕ್ಕೆ ಸಿಮ್ ಹಾಕುವ ಕಲ್ಪನೆ ಕ್ಷಣದಲ್ಲಿ ಹೊಳೆದದ್ದು ಪ್ರತಿಭೆಯೇ. ಹಿರಿಯರೂ ಆ ಮೊದಲ ಸಾಲಿಗೆ ಮುಗುಳ್ನಕ್ಕದ್ದನ್ನು ನಾನು ಪಕ್ಕದಿಂದ ನೋಡಿದೆ. ಅಲ್ಲಿಗೆ ನಿಲ್ಲಿಸಿ "ನೆಟಿ ಅಂದ್ರ ಏನ್ರಿ ಕಾಕಾ?" ಎಂದು ಕೇಳಿದ್ದರೆ ಸಂಜೆಯೇ ಬೇರೆಯಾಗುತ್ತಿತ್ತು.

ಕೆಟ್ಟದ್ದು ಟ್ಯಾಗ್‌ನಲ್ಲಿ. ಪಂಚ್, ಅಂದರೆ ನಗು ಹುಟ್ಟಿಸುವ ಸಾಲು, ಬಿದ್ದ ಮೇಲೆ, ಹೊಸ ಪೀಠಿಕೆ ಇಲ್ಲದೆ ಅದೇ ನಗುವಿನ ಬೆನ್ನ ಮೇಲೆ ಹೊಡೆಯುವ ಎರಡನೆಯ, ಮೂರನೆಯ ಪೆಟ್ಟಿಗೆ ಟ್ಯಾಗ್ ಎನ್ನುತ್ತಾರೆ. ಹೊಸಬರಿಗೆ ಅದು ಬಿಟ್ಟಿ ಸಿಕ್ಕ ನಗು ಅನ್ನಿಸುತ್ತದೆ. ಖರೆ ಹೇಳಬೇಕೆಂದರೆ ಟ್ಯಾಗ್‌ಗೆ ಪಂಚ್‌ಗಿಂತ ಹೆಚ್ಚು ಎಚ್ಚರ ಬೇಕು. ಪಂಚ್ ಬೀಳುವಾಗ ಎದುರಿನವರ ಪ್ರತಿಕ್ರಿಯೆ ನಿಮಗೆ ಗೊತ್ತಿರುವುದಿಲ್ಲ, ಟ್ಯಾಗ್ ಹೊಡೆಯುವಾಗ ಗೊತ್ತಿರುತ್ತದೆ. "ರೋಗ ಅದ ಅದು" ಎಂಬ ಮಾತು ಬಂದಾಗಿತ್ತು. ಮರುದಿನ ನಾನು ಮುದ್ರಣ ನಿಲ್ಲಿಸಿ ಹುಡುಗನನ್ನು ಕೇಳಿದೆ: "ಇದು ನಿನಗ ಕೇಳಿಸಿತ್ತೇನು?"

ಭಾಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಕೇಳಿಸಿತ್ರಿ ಸರ. ಖರೆ ರೀಚಾರ್ಜ್ ಬಾಯಾಗ ಬಂದು ನಿಂತಿತ್ತು."

ಈ ಉತ್ತರವನ್ನು ನಾನು ವಹಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ. ಸ್ಟ್ಯಾಂಡ್‌ಅಪ್ ಕಲಿಸುವವರು ಟೈಮಿಂಗ್ ಟೈಮಿಂಗ್ ಎನ್ನುತ್ತಾರೆ, ಯಾವಾಗ ಬಿಡಬೇಕು ಎಂಬುದನ್ನು ಕಲಿಸುತ್ತಾರೆ. ಬಾಯಿಗೆ ಬಂದ ಸಾಲನ್ನು, ಅದಕ್ಕೆ ನಗು ಖಂಡಿತ ಇದೆ ಎಂದು ಗೊತ್ತಿದ್ದೂ, ನುಂಗುವುದನ್ನು ಯಾರು ಕಲಿಸುತ್ತಾರೆ? ಎರಡು ಸೆಕೆಂಡಿನ ಕೆಲಸ ಅದು. ಬರೆಯುವಾಗ ಹೊಡೆದುಹಾಕುವುದು ಸುಲಭ. ದೀಪದ ಕೆಳಗೆ, ಹಿಂದಿನ ಸಾಲುಗಳು ಇನ್ನೂ ಬೇಕು ಎಂದು ಕೂಗುತ್ತಿರುವಾಗ ನುಂಗಬೇಕೆಂದರೆ ಅದಕ್ಕೆ ಬೇರೆಯೇ ಸಾಧನೆ ಬೇಕು. ನನ್ನ ಮಟ್ಟಿಗೆ ಈ ಕಲೆಯಲ್ಲಿ ಅತಿ ಕಷ್ಟದ್ದು ಇದೇ.

ಇನ್ನೊಂದು ಸಂಗತಿ ಸಭಾಂಗಣಕ್ಕೆ ಸಂಬಂಧಿಸಿದ್ದು. ಆಡುವವನ ಕಣ್ಣಿಗೆ ಕಾಣುವುದು ಮುಂದಿನ ಎರಡು ಸಾಲು, ಉಳಿದದ್ದು ಕತ್ತಲು. ಕಿವಿಗೆ ಕೇಳುವುದು ಮಾತ್ರ ಹಿಂದಿನ ಹುಡುಗರ ಗದ್ದಲ. ಕಣ್ಣು ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು. ಅವನು ಕಿವಿಯನ್ನು ನಂಬಿದ. ಸದ್ದು ಮಾಡುವವರ ಲೆಕ್ಕ ತಾನಾಗಿಯೇ ಸಿಗುತ್ತದೆ, ಸುಮ್ಮನಾದವರ ಲೆಕ್ಕ ಹಿಡಿಯಬೇಕೆಂದರೆ ನೋಡಬೇಕು.

ಕಾಲ್‌ಬ್ಯಾಕ್ ಯಾಕೆ ಬಿದ್ದುಹೋಯಿತು ಎಂಬುದು ನೇರವಾದ ಮಾತು. ಹಿಂದೆ ನಕ್ಕದ್ದನ್ನು ನೆನಪಿಸಿ ಮತ್ತೆ ನಗಿಸುವ ಉಪಾಯ ಅದು, ಇಡೀ ಸಭೆಗೆ ಆ ನೆನಪು ಸಿಹಿಯಾಗಿರಬೇಕು. ಇಲ್ಲಿ ಅರ್ಧ ಸಭೆ ಆ ನೆನಪನ್ನು ಮರೆಯಲು ಹತ್ತು ನಿಮಿಷ ಪ್ರಯತ್ನಿಸಿತ್ತು.

ನಮ್ಮಲ್ಲಿ ಆಡಿಕೊಳ್ಳುವ ರೀತಿ

ಉತ್ತರ ಕರ್ನಾಟಕಕ್ಕೆ ವೇದಿಕೆಯ ನಗು ಹೊಸದಲ್ಲ. ಹಾಸ್ಯ ಸಂಜೆ ಎಂದರೆ ಮಠದ ಅಂಗಳ, ಜಾತ್ರೆ, ಕಾಲೇಜು ವಾರ್ಷಿಕೋತ್ಸವ ಎಲ್ಲ ಕಡೆ ಜನ ಕೂಡುತ್ತಾರೆ. ಕೊಪ್ಪಳ ಜಿಲ್ಲೆಯ ಗಂಗಾವತಿಯ ಪ್ರಾಣೇಶರಂಥವರು ಗಂಟೆಗಟ್ಟಲೆ ಮಾತಾಡಿ ಸಾವಿರಾರು ಜನರನ್ನು ಹಿಡಿದು ಕೂಡಿಸಿದ್ದಾರೆ. ಆ ಪದ್ಧತಿಯಲ್ಲಿ ಭಾಷಣಕಾರ "ನಾವು, ನೀವು" ಎಂದು ಎಲ್ಲರನ್ನೂ ಒಟ್ಟಿಗೆ ಆಡಿಕೊಳ್ಳುತ್ತಾನೆ. ಹೆಚ್ಚಾಗಿ ಒಬ್ಬನನ್ನೇ ಬೊಟ್ಟು ಮಾಡಿ ಎಬ್ಬಿಸುವುದಿಲ್ಲ. ಒಬ್ಬನನ್ನೇ ಹಿಡಿದು ಮಾತಾಡಿಸುವ ರೂಢಿ ಸ್ಟ್ಯಾಂಡ್‌ಅಪ್ ಜೊತೆ ಬಂದದ್ದು. ಅದರ ಜವಾಬ್ದಾರಿಯೂ ಜೊತೆಗೆ ಬರಬೇಕಿತ್ತು.

ಒಬ್ಬರನ್ನೇ ಹಿಡಿದು ಆಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ ಎಂದೇನಲ್ಲ. ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಬೀಗರನ್ನು ಆಡಿಕೊಳ್ಳುವ ಹಾಡುಗಳನ್ನು ಕೇಳಿದವರಿಗೆ ಗೊತ್ತು, ಅವು ಎಷ್ಟು ಖಾರ ಎಂದು. ಬೀಗತಿಯ ಜಿಪುಣತನ, ಬೀಗರ ಹೊಟ್ಟೆ, ತಂದ ಸೀರೆಯ ಬಣ್ಣ ಯಾವುದನ್ನೂ ಬಿಡುವುದಿಲ್ಲ. ಆದರೂ ಜಗಳ ಆಗುವುದಿಲ್ಲ. ಈ ಕಡೆಯವರು ಹಾಡಿ ನಿಲ್ಲಿಸಿದ ಕೂಡಲೇ ಆ ಕಡೆಯವರು ಎತ್ತಿಕೊಳ್ಳುತ್ತಾರೆ. ಉತ್ತರ ಕೊಡುವ ಸರದಿ ಇದೆ. ನಮ್ಮ ಸಭಾಂಗಣದಲ್ಲಿ ಮೈಕು ಒಂದೇ, ಅದು ಹುಡುಗನ ಕೈಯಲ್ಲಿ. ಹಿರಿಯರ ಉತ್ತರ ಬಂದಿತ್ತು, "ರೋಗ ಅದ ಅದು" ಎಂದು. ಅದನ್ನು ಸ್ಪೀಕರಿನ ಸದ್ದು ಮುಚ್ಚಿತು.

ದುಃಖದ ವಿಷಯಕ್ಕೆ ನಗಬಾರದೇ ಎಂಬ ಪ್ರಶ್ನೆಗೂ ಈ ನೆಲದಲ್ಲೇ ಉತ್ತರ ಇದೆ. ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಸುಲೇಮಾನ್ ಖತೀಬ್ ದಖ್ಖನಿ ಮಾತಿನಲ್ಲಿ, ಅಂದರೆ ಇಲ್ಲಿನ ಓಣಿಗಳ "ಹೌ" "ನಕ್ಕೊ"ಗಳ ಮಾತಿನಲ್ಲಿ, ಅತ್ತೆ ಸೊಸೆ, ಬಡತನ, ವರದಕ್ಷಿಣೆಯ ಬಗ್ಗೆ ಕವಿತೆ ಓದಿ ಮುಶಾಯಿರಾಗಳನ್ನು (ಕವಿಗೋಷ್ಠಿಗಳನ್ನು) ನಗಿಸಿದವರು. ನಗಿಸುತ್ತ ನಗಿಸುತ್ತಲೇ ಸಭೆಯ ಕಣ್ಣು ತೇವ ಮಾಡುವುದು ಅವರ ಕೈಗುಣ. ವಿಷಯದ ಮೇಲೆ ಬೇಲಿ ಹಾಕಿದ್ದರೆ ಅವರು ಒಂದು ಸಾಲೂ ಬರೆಯುತ್ತಿರಲಿಲ್ಲ.

ಮೆಟ್ಟಿಲ ಕೆಳಗಿನ ಚಹಾ

ಆ ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಹಿರಿಯರು ಮತ್ತು ಅವರ ಅಣ್ಣನ ಮಗ ಕೆಳಗಿನ ಚಹಾದ ಅಂಗಡಿಯಲ್ಲಿ ನಿಂತಿದ್ದರು. ನಾನು ಹುಡುಗನನ್ನು ಕರೆದುಕೊಂಡು ಹೋದೆ. ಕ್ಷಮೆ ಕೇಳಿಸುವ ಉದ್ದೇಶ ನನಗೆ ಇರಲಿಲ್ಲ, ಭೇಟಿ ಆಗಲಿ ಎಂದಷ್ಟೇ. ಹಿರಿಯರೇ ಮಾತು ತೆಗೆದರು.

"ತಮ್ಮಾ, ನೆಟಿ ಅಂದ್ರ ಏನ್ ಗೊತ್ತದೇನು ನಿನಗ?"

"ಇಲ್ರಿ ಕಾಕಾ."

ಹೇಳಿದರು. ಬೀಜ ಒಳ್ಳೆಯದೇ ಇತ್ತು, ಗಿಡ ಎದೆ ಮಟ್ಟ ಬಂದಿತ್ತು, ಹೂವೂ ಬಿಟ್ಟಿತ್ತು. ಒಂದು ದಿನ ಎಲೆ ಜೋತುಬಿತ್ತು. ನೀರು ಕಡಿಮೆ ಆಗಿರಬೇಕು ಎಂದುಕೊಂಡರು. ಗಿಡ ಕಿತ್ತು ಕಾಂಡ ಸೀಳಿ ನೋಡಿದರೆ ಒಳಗೆ ಕರಿ ಗೆರೆ. ಪುಸ್ತಕದ ಮಾತಿನಲ್ಲಿ ಇದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೆಲಸ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೇರಿನಿಂದ ಹೊಕ್ಕು ನೀರಿನ ದಾರಿ ಕಟ್ಟುತ್ತದೆ. ಎಂಟು ಎಕರೆ ಬಿತ್ತಿದ ಅವರಿಗೆ ಬಂದದ್ದು ನಾಲ್ಕು ಚೀಲ. ಗಂಜ್‌ನಲ್ಲಿ ಅಂದು ಮಧ್ಯಾಹ್ನ ಮಾಡಿ ಬಂದ ಲೆಕ್ಕ ಅದೇ.

ಹುಡುಗ ಕಪ್ಪು ಹಿಡಿದುಕೊಂಡೇ ನಿಂತಿದ್ದ, ಕುಡಿಯಲಿಲ್ಲ. ಅದನ್ನು ನೋಡಿ ಹಿರಿಯರೇ ಮಾತು ತಿರುಗಿಸಿದರು:

"ಇರಲಿ ಬಿಡು. ನಾ ಒಂದು ಹೇಳ್ತೀನಿ ಕೇಳು. ನೆಟಿ ಬಿದ್ದ ತೊಗರಿ ಹತ್ತರದಿಂದ ನೋಡಿದ್ರ ಹೆಣ. ದೂರಿಂದ ನೋಡಿದ್ರ ಹಣ್ಣಾಗಿ ರಾಶಿಗಿ ಬಂದಂಗ ಕಾಣ್ತದ. ನಮ್ಮ ಬೀಗರು ಬಸ್ಸಿನಾಗ ಹೋಗೂ ಮುಂದ ಕಿಡಕ್ಯಾಗಿಂದ ನೋಡ್ಯಾರ. ಫೋನ್ ಹಚ್ಚಿ ಅಂತಾರ, 'ಏನ್ರಿ ಬೀಗರ, ಊರಿಗೆಲ್ಲ ಮೊದಲ ನಿಮ್ದೇ ರಾಶಿಗಿ ಬಂದದಲ್ಲ! ಹಂಗಾರ ಬಂಗಾರದ ಮಾತು ಈ ವಾರೇ ಮುಗಿಸೂಣೇನು?'"

ನಾವು ನಕ್ಕೆವು. ಅವರು ಒಂದು ಗುಟುಕು ಕುಡಿದು, ನಮ್ಮ ನಗು ಮುಗಿಯಲು ಬಿಟ್ಟು, ಹೇಳಿದರು: "ನಾ ಏನಂದೆ? 'ಹೌದ್ರಿ ಬೀಗರ, ಈ ಸಲ ಭಾಳ ಲಗೂ ಬಂತು.'"

ಆ ತಡೆ, ಆ ಗುಟುಕು, ಕೊನೆಯ ಸಾಲಿನ ತಣ್ಣಗಿನ ದನಿ. ಹತ್ತು ವರ್ಷ ವೇದಿಕೆ ಮೇಲೆ ನಿಂತವರಲ್ಲಿ ನಾನು ಕಂಡಿರದ ಟೈಮಿಂಗ್ ಅದು. ಅದೇ ನೆಟಿ, ಅದೇ ಹೊಲ. ಹುಡುಗನ ಸಾಲಿಗಿಂತ ಇದು ಹೆಚ್ಚು ನಿಷ್ಠುರವಾಗಿತ್ತು. ನೆಟಿ ದೂರದಿಂದ ಹೇಗೆ ಕಾಣುತ್ತದೆ, ಹತ್ತಿರದಿಂದ ಹೇಗೆ ಕಾಣುತ್ತದೆ ಎರಡೂ ಗೊತ್ತಿದ್ದವರಿಗಷ್ಟೇ ಹುಟ್ಟುವ ಜೋಕ್ ಅದು. ಹುಡುಗನ ಬಳಿ ಪದದ ಸದ್ದು ಮಾತ್ರ ಇತ್ತು.

ಶಕ್ತಿ ಇದ್ದವರನ್ನು ಆಡಿಕೊಳ್ಳಬೇಕು, ಇಲ್ಲದವರನ್ನು ಆಡಿಕೊಳ್ಳಬಾರದು ಎಂಬ ಸೂತ್ರವನ್ನು ಈ ಕಲೆಯವರು ಆಗಾಗ ಹೇಳುತ್ತಾರೆ. ಸೂತ್ರ ಕೆಟ್ಟದ್ದಲ್ಲ, ಆದರೆ ಈ ಪ್ರಕರಣದಲ್ಲಿ ಅದು ಏನನ್ನೂ ತಡೆಯುತ್ತಿರಲಿಲ್ಲ. ಬಡವರನ್ನು ಹೀಯಾಳಿಸುತ್ತಿದ್ದೇನೆ ಎಂದು ಹುಡುಗನಿಗೆ ಅನ್ನಿಸಿರಲೇ ಇಲ್ಲ, ಸಿಮ್ ಕಾರ್ಡಿನ ಬಗ್ಗೆ ಆಡುತ್ತಿದ್ದೇನೆ ಅಂದುಕೊಂಡಿದ್ದ. ನಾನು ಅವನಿಗೆ ಕೊಟ್ಟ ಸಲಹೆ ಇನ್ನೂ ಸಣ್ಣದು, ಇನ್ನೂ ಕೆಲಸಕ್ಕೆ ಬರುವಂಥದ್ದು: ಅರ್ಥ ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಅದರ ಮೇಲೆ ಪಂಚ್ ಕಟ್ಟಬೇಡ, ಮೊದಲು ಕೇಳು. ಕೇಳಿದ ಮೇಲೆ ನಗು ಬಂದರೆ ಬರಲಿ. ನಗು ಬಾರದಿದ್ದರೆ, ಸಭೆಯಲ್ಲಿ ಆ ಪದ ಗೊತ್ತಿಲ್ಲದ ಐವತ್ತು ಜನಕ್ಕೆ ಅದು ಗೊತ್ತಾದಂತಾಯಿತು.

ಆ ರಾತ್ರಿಯೇ ಇನ್ನೊಂದು ಕೆಲಸ ಇತ್ತು. ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿ ಸಿಮ್ಮಿನ ಮಾತನ್ನು ವಿಡಿಯೊ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದ, ಹಿರಿಯರ ಮುಖ ಸ್ಪಷ್ಟವಾಗಿತ್ತು. ಕೇಳಿಕೊಂಡೆ, ತೆಗೆದ. ಸಭೆಯಲ್ಲಿ ಇದ್ದವರಿಗೆ ಆ ಮುಖದ ಮುಗುಳ್ನಗೆಯೂ ಕಂಡಿತ್ತು, ಅದು ಆರಿದ್ದೂ ಕಂಡಿತ್ತು. 20 ಸೆಕೆಂಡಿನ ವಿಡಿಯೊ ನೋಡಿದವರಿಗೆ ಅವರು ಸಿಮ್ ಗೊತ್ತಿಲ್ಲದ ಹಳ್ಳಿಯವರು ಅಷ್ಟೇ. ಅಂದಿನಿಂದ ಕ್ರೌಡ್ ವರ್ಕ್ ನಡೆಯುವಾಗ ಫೋನು ಎತ್ತಬಾರದು ಎಂದು ಬಾಗಿಲಲ್ಲೇ ಹೇಳುತ್ತೇವೆ. ಮುಂದಿನ ಸಾಲಿನಲ್ಲಿ ಕೂಡುವವರನ್ನು ಮಾತಾಡಿಸಬಹುದೇ ಎಂದು ಮೊದಲೇ ಕೇಳುತ್ತೇವೆ. ಬರೆದದ್ದು 18 ನಿಮಿಷ ಇದ್ದರೆ ಸಮಯವೂ 18 ನಿಮಿಷ.

ಮತ್ತೆ ಕಟ್ಟಿದ್ದು

ಹುಡುಗ ಆ ಜೋಕನ್ನು ಹೇಳಲು ಅನುಮತಿ ಕೇಳಿದ. ಹಿರಿಯರು ಹೇಳಿದರು: "ಹೇಳಪಾ. ಖರೆ ನನ್ನ ಹೆಸರು ಬ್ಯಾಡ, ಊರ ಹೆಸರೂ ಬ್ಯಾಡ. ಬೀಗರು ಕೇಳ್ಯಾರು." ಎರಡು ವಾರದ ಮೇಲೆ ಅವರ ಹೊಲಕ್ಕೆ ಹೋಗಿ ಬಂದ. ಮೊದಲ ದಿನ ಜೋಕ್ ಬರೆಯಬಾರದು, ಕಂಡದ್ದನ್ನಷ್ಟೇ ಬರೆ ಎಂದು ನಾನು ಹೇಳಿ ಕಳಿಸಿದ್ದೆ. ಒಣಗಿದ ಗಿಡ ಕಿತ್ತಾಗ ಬರುವ ಸದ್ದಿನಿಂದ ಹಿಡಿದು ಬದುವಿನ ಮೇಲಿನ ಬುತ್ತಿಯವರೆಗೆ ಎರಡು ಪುಟ ಬರೆದುಕೊಂಡು ಬಂದ.

ಕಷ್ಟ ಶುರುವಾದದ್ದು ಅಲ್ಲಿಂದ. ಬೀಗರ ಫೋನು ನಗಿಸಬೇಕಾದರೆ ನೆಟಿ ಎಂದರೇನು ಎಂದು ಸಭೆಗೆ ಗೊತ್ತಿರಬೇಕು. ಮೊದಲ ಕರಡಿನಲ್ಲಿ ಅದನ್ನು ವಿವರಿಸಲು 50 ಸೆಕೆಂಡು ಹಿಡಿಯಿತು, ಒಂದೂ ನಗು ಇಲ್ಲ. ಸ್ಟ್ಯಾಂಡ್‌ಅಪ್‌ನಲ್ಲಿ 50 ಸೆಕೆಂಡಿನ ಮೌನ ಎಂದರೆ ಜನ ಫೋನು ತೆಗೆಯುತ್ತಾರೆ. ಎರಡನೆಯ ಕರಡಿನಲ್ಲಿ ದಾರಿ ಅವನಿಗೇ ಹೊಳೆಯಿತು. ಆ ಸಂಜೆಯ ತನ್ನ ತಪ್ಪನ್ನೇ ಸೆಟಪ್, ಅಂದರೆ ಜೋಕಿನ ಪೀಠಿಕೆ, ಮಾಡಿಕೊಂಡ: ಹೊಲಕ್ಕೆ ಯಾವ ಸಿಮ್ ಎಂದು ಕೇಳಿದವನು ತಾನು, ಕಾಕಾ ತನಗೆ ನೆಟಿ ತಿಳಿಸುತ್ತಾರೆ. ಶ್ಲೇಷೆ ಉಳಿಯಿತು, ನಗು ಹುಡುಗನ ಮೇಲೆ ಬಿತ್ತು, ವಿವರಣೆ ಆ ನಗುವಿನೊಳಗೇ ಸೇರಿತು. 50 ಸೆಕೆಂಡು 20ಕ್ಕೆ ಇಳಿಯಿತು.

ನನಗೆ ಸಂತೋಷವಾಯಿತು. ಅಣ್ಣನ ಮಗನನ್ನು ಕರೆದು ತೋರಿಸಿದೆವು. ಅವನು ನಗಲಿಲ್ಲ. "ಸರ, ನಮ್ಮ ಕಾಕಾ ಹಿಂಗ ದೇವರಂಗ ಮಾತಾಡಂಗಿಲ್ರಿ. ಅಂವ ಬೈತಾನ" ಎಂದ. ಖರೆ ಇತ್ತು. ತಪ್ಪಿನ ಭಾರಕ್ಕೆ ಹುಡುಗ ಆ ಮನುಷ್ಯನನ್ನು ಸಾಧು ಮಾಡಿಬಿಟ್ಟಿದ್ದ. ಕ್ಷಮಿಸುವ, ಕಲಿಸುವ, ಮಣ್ಣಿನ ವಾಸನೆಯ ರೈತ. ಆಡಿಕೊಂಡಾಗ ಮನುಷ್ಯ ಎಷ್ಟು ಮರೆಯಾಗಿದ್ದನೋ ಪೂಜಿಸಿದಾಗಲೂ ಅಷ್ಟೇ ಮರೆಯಾಗಿದ್ದ. ಮೂರನೆಯ ಕರಡಿನಲ್ಲಿ ಕಾಕಾ ಬೈಯ್ಯತೊಡಗಿದರು, "ನಿಮ್ಮಪ್ಪ ಫೀಸ್ ಕಟ್ಟಿ ಇದೇ ಕಲಿಸ್ಯಾನೇನು" ಎಂದರು, ಬೆಳೆ ವಿಮೆಯ ಕಚೇರಿಗೆ ಹೋಗಿ ಬಂದ ಸಿಟ್ಟನ್ನೂ ತೋರಿಸಿದರು. ಆಗ ಅಣ್ಣನ ಮಗ ನಕ್ಕ.

ನಮ್ಮ ಸಭಾಂಗಣದಲ್ಲಿ ಅದು ನಡೆಯಿತು. ಸಿಮ್ಮಿಗೆ ನಕ್ಕರು, ಬೀಗರ ಫೋನಿಗೆ ಇನ್ನೂ ಹೆಚ್ಚು ನಕ್ಕರು, "ಲಗೂ ಬಂತು" ಎಂದಾಗ ನಗು ಅರ್ಧಕ್ಕೆ ನಿಂತು ಸಭೆ ಸುಮ್ಮನಾಯಿತು. ಆ ಮೌನ ಮೂರು ಸೆಕೆಂಡು ಇದೆ ಮುದ್ರಣದಲ್ಲಿ. ಆಳಂದದಲ್ಲಿ, ಹೆಚ್ಚಾಗಿ ಹೊಲದವರೇ ಇದ್ದ ಕಡೆ, ಬೇರೆ ಥರ ಆಯಿತು. "ದೂರಿಂದ ನೋಡಿದ್ರ ಹಣ್ಣಾದಂಗ" ಎಂಬಲ್ಲಿಯೇ ಜನ ಗೊಳ್ಳೆಂದರು. ಅವರಿಗೆ ಮುಂದಿನದು ಗೊತ್ತಿತ್ತು, ವಿವರಣೆ ಅಲ್ಲಿ ಅಧಿಕವಾಗಿತ್ತು. ಅಂಥ ಊರಿಗೆ ಅವನು ಈಗ ಸಿಮ್ಮಿನ ಭಾಗವನ್ನೇ ಬಿಟ್ಟು ನೇರ ಬಸ್ಸಿನ ಕಿಟಕಿಯಿಂದ ಶುರು ಮಾಡುತ್ತಾನೆ.

ಆಮೇಲೆ ಬೆಂಗಳೂರಿಗೆ ಹೋದ. ರಾತ್ರಿ ಹನ್ನೊಂದರ ಮೇಲೆ ಫೋನ್ ಬಂತು. ಹೇಗಾಯಿತು ಎಂದೆ.

"ಭಾಳ ನಕ್ರು ಸರ. ಇಷ್ಟು ನಗು ನನಗ ಎಂದೂ ಬಂದಿಲ್ಲ."

ದನಿಯಲ್ಲಿ ಖುಷಿ ಇರಲಿಲ್ಲ. ಎಲ್ಲಿ ನಕ್ಕರು ಎಂದು ಕೇಳಿದೆ.

"ಕಾಕಾ 'ಹೋಗ್ಯಾದ' ಅಂದಾಗ ನಕ್ರು. 'ಅಲ್ಲೊ ತಮ್ಮಾ' ಅಂದಾಗ ನಕ್ರು. ನಾ ಏನೂ ಜೋಕ್ ಹೇಳಿಲ್ರಿ ಇನ್ನ, ಬರೇ ಅವರಂಗ ಮಾತಾಡಿದ್ದೆ."

"ಬೀಗರ ಫೋನಿಗಿ?"

"ಹೇಳಲಿಲ್ಲ ಸರ. ಅಲ್ಲೇ ಬಿಟ್ಟು ಪಿಜಿ ಊಟದ ಬಿಟ್‌ಗಿ ಹೋದೆ. 'ಲಗೂ ಬಂತು' ಬಾಯಾಗ ಬಂದು ನಿಂತಿತ್ರಿ. ನುಂಗಿದೆ."